ಶಕ್ತಿ ಸಂರಕ್ಷಣೆಯ ಪಾಠ: ಲೆಕ್ಕ ತಾಳೆಯಾಗುವ ಹಾಗೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ ವಿಜ್ಞಾನ ಕಲಿಸುತ್ತೇನೆ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು ಎಂಬ ನಿಯಮವನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಉರುಳುತ್ತಿದ್ದ ಚೆಂಡು ನಿಂತಾಗ ಅದರ ಶಕ್ತಿ ಏನಾಯಿತು ಎಂದು ಕೇಳಿದರೆ ‘ಮುಗಿದುಹೋಯಿತು’ ಎನ್ನುತ್ತಾರೆ. ಒಬ್ಬ ವಿದ್ಯಾರ್ಥಿ, ‘ಶಕ್ತಿ ನಾಶವೇ ಆಗುವುದಿಲ್ಲವಾದರೆ ಕರೆಂಟ್ ಉಳಿಸಿ ಎಂದು ಏಕೆ ಹೇಳುತ್ತಾರೆ?’ ಎಂದು ಕೇಳಿದ. ನಮ್ಮ ಪ್ರಯೋಗಾಲಯದಲ್ಲಿ ಹೆಚ್ಚು ಉಪಕರಣಗಳಿಲ್ಲ. ಈ ಪಾಠವನ್ನು ಮಕ್ಕಳಿಗೆ ನಿಜವಾಗಿ ಅರ್ಥವಾಗುವಂತೆ ಹೇಗೆ ಕಲಿಸಬೇಕು?

ಉತ್ತರ: ‘ಮುಗಿದುಹೋಯಿತು’ ಎನ್ನುವ ಮಕ್ಕಳು ತಾವು ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ. ಚೆಂಡು ಉರುಳುವುದನ್ನು ಅವರು ನೋಡಿದ್ದಾರೆ, ನಿಲ್ಲುವುದನ್ನೂ ನೋಡಿದ್ದಾರೆ. ಆ ಶಕ್ತಿ ಉಷ್ಣವಾಯಿತು ಎಂದು ಪುಸ್ತಕ ಹೇಳುತ್ತದೆ, ಆದರೆ ಆ ಉಷ್ಣವನ್ನು ಅವರು ಮುಟ್ಟಿಲ್ಲ, ಅಳೆದಿಲ್ಲ, ಅದು ಎಷ್ಟಿತ್ತೆಂಬುದನ್ನೂ ಯಾರೂ ತೋರಿಸಿಲ್ಲ. ಸಂರಕ್ಷಣಾ ನಿಯಮವು ಒಂದು ಪರಿಮಾಣವನ್ನು ಕುರಿತ ಹೇಳಿಕೆ. ಅಷ್ಟು ಜೂಲ್ ಇಲ್ಲಿತ್ತು, ಈಗ ಅಷ್ಟೇ ಜೂಲ್ ಬೇರೆ ಎಲ್ಲೆಲ್ಲಿ ಇದೆ ಎಂದು ಕೂಡಿ ನೋಡದೆ ಆ ನಿಯಮಕ್ಕೆ ಅರ್ಥವೇ ಬರುವುದಿಲ್ಲ. ನಮ್ಮ ತರಗತಿಗಳಲ್ಲಿ ಈ ಪಾಠ ಬಹುಪಾಲು ಹೆಸರುಗಳ ಸರಪಣಿಯಾಗಿಯೇ ಉಳಿದಿದೆ: ಬ್ಯಾಟರಿಯಲ್ಲಿ ರಾಸಾಯನಿಕ ಶಕ್ತಿ, ತಂತಿಯಲ್ಲಿ ವಿದ್ಯುತ್ ಶಕ್ತಿ, ಬಲ್ಬಿನಲ್ಲಿ ಬೆಳಕಿನ ಶಕ್ತಿ. ಈ ಸರಪಣಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ರೂಪಾಂತರದ ಹೆಸರುಗಳು ಗೊತ್ತಾಗುತ್ತವೆ, ಸಂರಕ್ಷಣೆ ಗೊತ್ತಾಗುವುದಿಲ್ಲ.

ವಿಜ್ಞಾನದ ಇತಿಹಾಸವೂ ಇದನ್ನೇ ಹೇಳುತ್ತದೆ. ಘರ್ಷಣೆಯಿಂದ ಬಿಸಿ ಹುಟ್ಟುತ್ತದೆ ಎಂಬುದು ಅಂಗೈ ಉಜ್ಜಿಕೊಂಡ ಪ್ರತಿಯೊಬ್ಬರಿಗೂ ಮೊದಲಿನಿಂದ ಗೊತ್ತಿತ್ತು. ಫಿರಂಗಿಯ ಕೊಳವೆ ಕೊರೆಯುವಾಗ ನೀರು ಕುದಿಯುವಷ್ಟು ಬಿಸಿ ಹುಟ್ಟುವುದನ್ನು ಮ್ಯೂನಿಕ್‌ನಲ್ಲಿ ಕಂಡಿದ್ದ ರಮ್‌ಫರ್ಡ್ ಅದನ್ನು 1798ರಲ್ಲಿಯೇ ಪ್ರಕಟಿಸಿದ್ದ. ಆದರೂ ನಿಯಮ ರೂಪುಗೊಂಡದ್ದು 1840ರ ದಶಕದಲ್ಲಿ. ಇಷ್ಟು ಕೆಲಸಕ್ಕೆ ಇಷ್ಟೇ ಉಷ್ಣ ಎಂಬ ಸಂಖ್ಯೆಯನ್ನು ಜರ್ಮನಿಯ ವೈದ್ಯ ಮೇಯರ್ 1842ರಲ್ಲಿ ಲೆಕ್ಕಹಾಕಿದ, ಇಂಗ್ಲೆಂಡಿನ ಜೂಲ್ ಮರುವರ್ಷದಿಂದ ಪ್ರಯೋಗಗಳ ಮೂಲಕ ಮತ್ತೆ ಮತ್ತೆ ಅಳೆದ, 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಅದನ್ನು ಭೌತವಿಜ್ಞಾನದ ಎಲ್ಲ ವಿಭಾಗಗಳಿಗೂ ಅನ್ವಯಿಸುವ ತತ್ವವಾಗಿ ಮಂಡಿಸಿದ. ಜೂಲ್‌ನ ಪ್ರಸಿದ್ಧ ಪ್ರಯೋಗದಲ್ಲಿ ತೂಕದ ಬಟ್ಟುಗಳು ಕೆಳಗಿಳಿಯುತ್ತಾ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುತ್ತಿದ್ದವು. ಅವನ್ನು ಹಲವು ಬಾರಿ ಮೇಲೆತ್ತಿ ಇಳಿಸಿದರೂ ನೀರಿನ ತಾಪ ಏರುತ್ತಿದ್ದದ್ದು ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. ಅಷ್ಟು ಸಣ್ಣ ಏರಿಕೆಯನ್ನು ಅಷ್ಟು ಎಚ್ಚರದಿಂದ ಅಳೆದದ್ದರಿಂದಲೇ 1850ರಲ್ಲಿ ಅವನು ಕೊಟ್ಟ ಸಂಖ್ಯೆ ಇಂದಿನ ಮೌಲ್ಯಕ್ಕೆ ಶೇಕಡಾ ಒಂದರೊಳಗಿನ ವ್ಯತ್ಯಾಸದಲ್ಲಿ ಹೊಂದುತ್ತದೆ. ಈ ‘ಅರ್ಧ ಡಿಗ್ರಿ’ಯನ್ನು ಮಕ್ಕಳಿಗೆ ತಪ್ಪದೆ ಹೇಳಿ. ಉಷ್ಣವಾಗಿ ಹೋದ ಶಕ್ತಿ ನಮ್ಮ ಕಣ್ಣು ತಪ್ಪಿಸುವುದು ಏಕೆಂದು ಅದರಿಂದ ತಿಳಿಯುತ್ತದೆ.

ಪಾಠದ ಆರಂಭಕ್ಕೆ ಲೋಲಕಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಗೋಡೆಯ ಮೊಳೆಯೊಂದಕ್ಕೆ ಒಂದು ಮೀಟರ್ ದಾರ ಕಟ್ಟಿ ಕಲ್ಲೊಂದನ್ನು ತೂಗುಬಿಡಿ, ಹಿಂದೆ ಗೋಡೆಯ ಮೇಲೆ ಅಡ್ಡಗೆರೆ ಎಳೆದು ಆ ಗೆರೆಯ ಮಟ್ಟದಿಂದ ಕಲ್ಲನ್ನು ಕೈಬಿಡಿ. ಅದು ಇನ್ನೊಂದು ಬದಿಯಲ್ಲಿ ಹೆಚ್ಚುಕಡಿಮೆ ಅದೇ ಗೆರೆಯನ್ನು ಮುಟ್ಟುತ್ತದೆ. ಈಗ ದಾರದ ನಡುಮಧ್ಯದ ಎತ್ತರದಲ್ಲಿ, ತೂಗುವ ದಾರಕ್ಕೆ ತಾಗುವಂತೆ ಇನ್ನೊಂದು ಮೊಳೆ ಹೊಡೆಯಿರಿ. ಕಲ್ಲು ಸಾಗುವ ದಾರಿ ಬದಲಾಗುತ್ತದೆ, ಕಮಾನು ಕಿರಿದಾಗುತ್ತದೆ, ಆದರೂ ಕಲ್ಲು ಏರುವುದು ಅದೇ ಗೆರೆಯವರೆಗೆ. ಇದು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ವಿವರಿಸಿದ ಪ್ರಯೋಗ. ಮೊಳೆ ಹೊಡೆಯುವ ಮೊದಲು ಕಲ್ಲು ಎಲ್ಲಿಯವರೆಗೆ ಏರೀತು ಎಂದು ಪ್ರತಿಯೊಬ್ಬರೂ ನೋಟ್‌ಪುಸ್ತಕದಲ್ಲಿ ಬರೆದಿಡಲಿ, ಏಕೆಂದರೆ ಬರೆದ ಊಹೆಗೆ ಮಗು ಹೊಣೆಯಾಗುತ್ತದೆ. ದಾರಿ ಬದಲಾದರೂ ಬದಲಾಗದ ಒಂದು ಏನೋ ಇದೆ ಎಂಬ ಅನುಮಾನ ಇಲ್ಲಿ ಹುಟ್ಟಬೇಕು. ಸೂತ್ರವನ್ನು ಅದರ ನಂತರ ಕೊಡಿ.

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಪಾಠದಲ್ಲಿ ಬಹುಕಾಲದಿಂದ ಒಂದು ಕೋಷ್ಟಕವಿದೆ: 20 ಕಿಲೋಗ್ರಾಂ ವಸ್ತುವನ್ನು 4 ಮೀಟರ್ ಎತ್ತರದಿಂದ ಬೀಳಿಸಿದಾಗ ಬೇರೆ ಬೇರೆ ಎತ್ತರಗಳಲ್ಲಿ ಅದರ ಪ್ರಚ್ಛನ್ನ ಶಕ್ತಿ ಮತ್ತು ಚಲನಶಕ್ತಿ ಎಷ್ಟೆಂದು ತುಂಬಬೇಕು. ಎಲ್ಲ ಸಾಲುಗಳಲ್ಲೂ ಮೊತ್ತ 800 ಜೂಲ್ ಬರುತ್ತದೆ. ಕೋಷ್ಟಕ ಒಳ್ಳೆಯದು, ಆದರೆ ಅದು ವಸ್ತು ನೆಲ ಮುಟ್ಟುವ ಕ್ಷಣದ ಮುಂಚೆಯೇ ನಿಂತುಬಿಡುತ್ತದೆ. ಮಕ್ಕಳ ಸಂದೇಹ ಹುಟ್ಟುವುದು ಆಮೇಲಿನ ಕ್ಷಣದಲ್ಲಿ. ಆದ್ದರಿಂದ ಕೋಷ್ಟಕಕ್ಕೆ ನೀವೇ ಒಂದು ಸಾಲು ಸೇರಿಸಿ: ವಸ್ತು ನೆಲದ ಮೇಲೆ ನಿಶ್ಚಲವಾಗಿ ಬಿದ್ದಿದೆ, ಪ್ರಚ್ಛನ್ನ ಶಕ್ತಿ ಸೊನ್ನೆ, ಚಲನಶಕ್ತಿ ಸೊನ್ನೆ, ಹಾಗಾದರೆ 800 ಜೂಲ್ ಎಲ್ಲಿ? ವಸ್ತು ಕಬ್ಬಿಣದ್ದಾಗಿದ್ದು ಅಷ್ಟೂ ಶಕ್ತಿ ಅದನ್ನೇ ಬಿಸಿಮಾಡಿತೆಂದು ಇಟ್ಟುಕೊಂಡರೆ ತಾಪ ಎಷ್ಟು ಏರಬೇಕು? ಕಬ್ಬಿಣದ ವಿಶಿಷ್ಟ ಉಷ್ಣ, ಅಂದರೆ ಒಂದು ಕಿಲೋಗ್ರಾಂ ಕಬ್ಬಿಣದ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಕ್ತಿ, ಸುಮಾರು 460 ಜೂಲ್ ಎಂದು ಹಿಡಿದು ಭಾಗಿಸಿದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಬರುತ್ತದೆ. ನಾಲ್ಕು ಮೀಟರ್ ಮೇಲಿನಿಂದ ಕಾಲಿನ ಮೇಲೆ ಬಿದ್ದರೆ ಮೂಳೆ ಪುಡಿಯಾಗುವಷ್ಟು ಶಕ್ತಿ, ಉಷ್ಣವಾದಾಗ ಕೈಗೆ ಗೊತ್ತೂ ಆಗುವುದಿಲ್ಲ. ಮಕ್ಕಳು ‘ಮುಗಿದುಹೋಯಿತು’ ಎನ್ನುವುದಕ್ಕೆ ಮೂಲ ಕಾರಣ ಇದೇ. ಈ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಿ.

ಅಳೆಯಬಹುದಾದಷ್ಟು ಬಿಸಿ ಬೇಕೆಂದರೆ ಅದೇ ವಸ್ತುವನ್ನು ಮತ್ತೆ ಮತ್ತೆ ಬೀಳಿಸಬೇಕು. ಇದಕ್ಕೆ ಒಂದು ಮೀಟರ್ ಉದ್ದದ ಪಿ.ವಿ.ಸಿ. ಪೈಪು, ಎರಡು ತುದಿಗಳಿಗೆ ರಬ್ಬರ್ ಬಿರಡೆ, ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಸಣ್ಣ ಉಕ್ಕಿನ ಗುಂಡುಗಳು ಸುಮಾರು 300 ಗ್ರಾಂ, ಹತ್ತನೇ ಒಂದು ಡಿಗ್ರಿ ತೋರಿಸುವ ಡಿಜಿಟಲ್ ತಾಪಮಾಪಕ, ಇಷ್ಟು ಸಾಕು. ಜ್ವರ ನೋಡುವ ತಾಪಮಾಪಕ ಇಲ್ಲಿ ಕೆಲಸಕ್ಕೆ ಬಾರದು. ಗುಂಡುಗಳ ತಾಪ ನೋಡಿಕೊಂಡು ಪೈಪನ್ನು ಮುಚ್ಚಿ, ನಡುಭಾಗವನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ನೂರು ಬಾರಿ ತಲೆಕೆಳಗು ಮಾಡಿ, ಮತ್ತೆ ತಾಪ ನೋಡಿ. ಬಟ್ಟೆ ಇಲ್ಲದಿದ್ದರೆ ಅಂಗೈಯ ಬಿಸಿಯೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಗುಂಡುಗಳೇ ಒಂದಿಷ್ಟು ಉದ್ದವನ್ನು ತುಂಬಿರುವುದರಿಂದ ಪ್ರತಿ ಸಲದ ಬೀಳು ಸುಮಾರು 90 ಸೆಂಟಿಮೀಟರ್ ಇರುತ್ತದೆ. ನೂರು ಸಲಕ್ಕೆ ತಾಪದ ಏರಿಕೆ ಲೆಕ್ಕದ ಪ್ರಕಾರ 1.9 ಡಿಗ್ರಿ ಸೆಲ್ಸಿಯಸ್ ಬರಬೇಕು. ಲೆಕ್ಕ ಮಾಡುವಾಗ ದ್ರವ್ಯರಾಶಿ ಎರಡೂ ಕಡೆ ಬಂದು ರದ್ದಾಗುವುದನ್ನು ಮಕ್ಕಳೇ ಗಮನಿಸಲಿ. ಗುಂಡುಗಳನ್ನು ಇನ್ನಷ್ಟು ಹಾಕಿದರೆ ಹೆಚ್ಚು ಬಿಸಿಯಾಗುವುದಿಲ್ಲವೇ ಎಂದು ಯಾರಾದರೂ ಕೇಳೇ ಕೇಳುತ್ತಾರೆ, ಉತ್ತರ ಅಲ್ಲಿಯೇ ಇದೆ.

ಅಳತೆಯಲ್ಲಿ ಬರುವ ಏರಿಕೆ ಲೆಕ್ಕಕ್ಕಿಂತ ಕಡಿಮೆಯಿರುತ್ತದೆ. ಪಾಠದ ತಿರುಳು ಇರುವುದು ಈ ಕೊರತೆಯಲ್ಲಿ. ಪೈಪಿನ ಗೋಡೆ ಬಿಸಿಯಾಯಿತು, ಬಿರಡೆ ಬಿಸಿಯಾಯಿತು, ತಾಪಮಾಪಕದ ತುದಿಯೂ ಒಂದಿಷ್ಟು ತೆಗೆದುಕೊಂಡಿತು, ಸುತ್ತಲ ಗಾಳಿಗೆ ಒಂದಿಷ್ಟು ಹೋಯಿತು ಎಂದು ಮಕ್ಕಳು ಒಂದೊಂದಾಗಿ ಹೇಳತೊಡಗುತ್ತಾರೆ. ಆಗ ಒಂದೊಂದು ಮಾತನ್ನೂ ಪರೀಕ್ಷೆಗೆ ಒಡ್ಡಿ: ಪೈಪಿಗೆ ಹತ್ತಿ ಸುತ್ತಿದರೆ ಏನಾಗಬೇಕು, ಇನ್ನೂರು ಬಾರಿ ಮಾಡಿದರೆ ಏರಿಕೆ ಸರಿಯಾಗಿ ಎರಡರಷ್ಟಾಗುವುದೇ ಅಥವಾ ಕಡಿಮೆಯಾಗುವುದೇ? ಇಲ್ಲಿ ಒಂದು ಕಳಕಳಿಯ ಮಾತನ್ನು ಹೇಳಲೇಬೇಕು. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ‘ಸರಿಯಾದ ಉತ್ತರ’ ಬರುವಂತೆ ಅಂಕಿಗಳನ್ನು ತಿದ್ದುವ ಅಭ್ಯಾಸಕ್ಕೆ ದಯವಿಟ್ಟು ಅವಕಾಶ ಕೊಡಬೇಡಿ. ಅಂಕಿ ತಿದ್ದಿದ ಕ್ಷಣಕ್ಕೆ ಹುಡುಕಬೇಕಾದ ಶಕ್ತಿ ಕಾಗದದ ಮೇಲಿಂದ ಮಾಯವಾಗುತ್ತದೆ, ನಿಯಮವನ್ನು ಪರೀಕ್ಷಿಸುವ ಬದಲು ನಾವು ಅದಕ್ಕೆ ಸುಳ್ಳು ಸಾಕ್ಷಿ ಒದಗಿಸಿದಂತಾಗುತ್ತದೆ.

ಮಕ್ಕಳಿಗೆ ಶಕ್ತಿಯನ್ನು ಜಮಾ-ಖರ್ಚಿನ ಪುಸ್ತಕದಂತೆ ಬರೆಯಲು ಕಲಿಸಬಹುದು, ಆದರೆ ಯಾರ ಪುಸ್ತಕ ಎಂಬುದನ್ನು ಮೊದಲು ನಿರ್ಧರಿಸಬೇಕು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ನಾವು ಲೆಕ್ಕ ಇಡುವ ವಸ್ತುಗಳ ಸುತ್ತ ಸೀಮೆಸುಣ್ಣದಲ್ಲಿ ಒಂದು ಗಡಿ ಎಳೆಯಿರಿ. ಗಡಿಯೊಳಗೆ ಚೆಂಡು ಮತ್ತು ಭೂಮಿ ಎರಡೂ ಇದ್ದರೆ ಮಾತ್ರ ಪ್ರಚ್ಛನ್ನ ಶಕ್ತಿಯನ್ನು ಒಳಗೆ ಬರೆಯಬಹುದು, ಏಕೆಂದರೆ ಅದು ಚೆಂಡೊಂದರ ಸ್ವತ್ತಲ್ಲ, ಚೆಂಡು ಮತ್ತು ಭೂಮಿಯ ನಡುವಿನ ಸಂಬಂಧದ ಶಕ್ತಿ. ಗಡಿಯೊಳಗೆ ನೆಲ ಮತ್ತು ಗಾಳಿಯೂ ಸೇರಿದರೆ ಮೊತ್ತ ಬದಲಾಗುವುದಿಲ್ಲ. ಅವು ಹೊರಗಿದ್ದರೆ ಗಡಿ ದಾಟಿ ಹೋದದ್ದು ಎಷ್ಟೆಂದು ಬಾಣದ ಗುರುತಿನೊಂದಿಗೆ ಬರೆಯಬೇಕು. ಪ್ರತಿ ಹಂತಕ್ಕೂ ಚಲನಶಕ್ತಿ, ಪ್ರಚ್ಛನ್ನ ಶಕ್ತಿ, ಉಷ್ಣ ಎಂದು ಮೂರು ಕಂಬಗಳ ಪಟ್ಟಿಚಿತ್ರ ಬರೆಸಿ, ಕಂಬಗಳ ಒಟ್ಟು ಎತ್ತರ ಒಂದೇ ಇರಬೇಕೆಂಬ ಷರತ್ತು ಹಾಕಿದರೆ, ಗಣಿತದಲ್ಲಿ ಹಿಂದುಳಿದ ಮಗುವೂ ಸಂರಕ್ಷಣೆಯ ಅರ್ಥವನ್ನು ಹಿಡಿಯುತ್ತದೆ. ನೂರು ಪದಗಳ ವಿವರಣೆಗಿಂತ ಈ ಚಿತ್ರವನ್ನು ನಾನು ಹೆಚ್ಚು ನಂಬುತ್ತೇನೆ.

ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ, ಅಥವಾ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ, ಗೇರ್ ಇರುವ ಸಣ್ಣ ಡಿ.ಸಿ. ಮೋಟರ್ ಸಿಗುತ್ತದೆ. ಅದರ ಎರಡು ತಂತಿಗಳನ್ನು ಬಿಡಿಯಾಗಿಟ್ಟು ಗಾಲಿಯನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ, ತಂತಿಗಳನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿದರೆ ಬೆರಳಿಗೆ ತಡೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ವಿದ್ಯುತ್ತನ್ನು ಪಡೆಯಲು ಬೆರಳು ಹೆಚ್ಚು ಕೆಲಸ ಮಾಡಬೇಕಾಯಿತು ಎಂಬುದು ಚರ್ಮಕ್ಕೆ ಅರ್ಥವಾದ ಮೇಲೆ, ಮೋಟರಿನಿಂದ ಡೈನಮೋ ತಿರುಗಿಸಿ ಅದೇ ಡೈನಮೋದಿಂದ ಮೋಟರ್ ಓಡಿಸುತ್ತೇನೆ ಎಂದು ಚಿತ್ರ ಬರೆದು ತರುವ ವಿದ್ಯಾರ್ಥಿಯ ಜೊತೆ ವಾದ ಸುಲಭವಾಗುತ್ತದೆ. ಅಂಥ ವಿದ್ಯಾರ್ಥಿಯನ್ನು ಗದರಿಸಬೇಡಿ. ಅವನ ಯಂತ್ರದ ಸುತ್ತ ಗಡಿ ಎಳೆದು, ಎಲ್ಲೆಲ್ಲಿ ಬಿಸಿ ಹೊರಗೆ ಹೋಗುತ್ತದೆ ಎಂದು ಅವನಿಂದಲೇ ಬರೆಸಿ.

ಇನ್ನು ಕರೆಂಟ್ ಉಳಿಸುವ ಪ್ರಶ್ನೆ. ಮನೆಯ ಹೊಸ ವಿದ್ಯುತ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಎಂದಿದ್ದರೆ, ಒಂದು ಯೂನಿಟ್ 36 ಲಕ್ಷ ಜೂಲ್ ಆದ್ದರಿಂದ, ಒಂದು ಮಿಣುಕಿಗೆ 1125 ಜೂಲ್ ಆಯಿತು. 40 ಕಿಲೋಗ್ರಾಂ ತೂಕದ ವಿದ್ಯಾರ್ಥಿ 3 ಮೀಟರ್ ಎತ್ತರದ ಮಹಡಿ ಮೆಟ್ಟಿಲು ಹತ್ತಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ 1200 ಜೂಲ್. ಅಂದರೆ ಒಮ್ಮೆ ಮಹಡಿ ಹತ್ತುವುದು ಮೀಟರಿನ ಒಂದು ಮಿಣುಕಿಗೆ ಸರಿಸುಮಾರು ಸಮ. ನೀರು ಕಾಯಿಸುವ 1000 ವ್ಯಾಟ್ ಕಾಯಿಲ್ ಹಾಕಿದಾಗ ದೀಪ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಒಂದು ಯೂನಿಟ್ ತುಂಬಲು ಆ ವಿದ್ಯಾರ್ಥಿ ಮೂರು ಸಾವಿರ ಬಾರಿ ಮಹಡಿ ಹತ್ತಬೇಕು. ಮನೆಯಲ್ಲಿ ಹಿರಿಯರ ಜೊತೆ ನಿಂತು ಮೀಟರನ್ನು ದೂರದಿಂದ ನೋಡಿ ಮಿಣುಕು ಎಣಿಸಿ ಬರಲು ಹೇಳಿ. ಈ ಮನೆಗೆಲಸಕ್ಕೆ ಖರ್ಚಿಲ್ಲ, ಅಪಾಯವಿಲ್ಲ, ಜೂಲ್ ಎಂಬ ಮಾನಕ್ಕೆ ಗಾತ್ರ ಬರುವುದಂತೂ ಖಂಡಿತ.

ಈಗ ಆ ಯೂನಿಟ್ ಎಲ್ಲಿಂದ ಬಂತು ಎಂದು ಕೇಳಿ. ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಇಳಿಯುವ ಪ್ರತಿ ಕಿಲೋಗ್ರಾಂ ನೀರು ಸುಮಾರು 2480 ಜೂಲ್ ಬಿಟ್ಟುಕೊಡುತ್ತದೆ, ಹಾಗಾಗಿ ಒಂದು ಯೂನಿಟ್‌ಗೆ, ಎಲ್ಲಿಯೂ ಸೋರಿಕೆ ಇಲ್ಲವೆಂದು ಹಿಡಿದರೂ, ಸುಮಾರು 1450 ಲೀಟರ್ ನೀರು ಆ ಎತ್ತರದಿಂದ ಇಳಿಯಬೇಕು. ಟರ್ಬೈನ್, ಜನರೇಟರ್, ತಂತಿಗಳಲ್ಲಿ ಆಗುವ ಉಷ್ಣವನ್ನು ಸೇರಿಸಿದರೆ ಇನ್ನೂ ಹೆಚ್ಚು. ಆ ಯೂನಿಟ್‌ನಿಂದ ಕಾಯಿಸಿದ ಸ್ನಾನದ ನೀರು ಬಚ್ಚಲಲ್ಲಿ ತಣ್ಣಗಾಗಿ, ಗೋಡೆಗೆ, ಗಾಳಿಗೆ, ಮಣ್ಣಿಗೆ ಶಕ್ತಿಯನ್ನು ಹಂಚಿಬಿಡುತ್ತದೆ. ಒಂದು ಜೂಲ್ ಕೂಡ ನಾಶವಾಗಿಲ್ಲ. ಆದರೆ ಹೀಗೆ ಹರಡಿದ ಆ 36 ಲಕ್ಷ ಜೂಲ್ ತಾನಾಗಿ ಒಟ್ಟುಗೂಡಿ 1450 ಲೀಟರ್ ನೀರನ್ನು ಮತ್ತೆ ಲಿಂಗನಮಕ್ಕಿ ಜಲಾಶಯಕ್ಕೆ ಏರಿಸುವುದಿಲ್ಲ. ಆ ಕೆಲಸವನ್ನು ಸೂರ್ಯ ಮಾಡಬೇಕು, ಮುಂದಿನ ಮುಂಗಾರಿನವರೆಗೆ ನಾವು ಕಾಯಬೇಕು. ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆ ಸ್ಥಿತಿ ಇನ್ನೂ ಬಿಗಿಯಾದದ್ದು: ಕಲ್ಲಿದ್ದಲಿನ ಉಷ್ಣದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ, ಉಳಿದದ್ದು ತಂಪುಗೊಳಿಸುವ ನೀರಿನೊಡನೆ ಮತ್ತು ಹೊಗೆಕೊಳವೆಯ ಮೂಲಕ ಹೋಗುತ್ತದೆ, ಸುಟ್ಟ ಕಲ್ಲಿದ್ದಲಿಗಾಗಿ ಕಾಯುವ ಮುಂಗಾರೂ ಇಲ್ಲ. ಹೀಗೆ ಆ ವಿದ್ಯಾರ್ಥಿಗೆ ಉತ್ತರ ಸಿಗುತ್ತದೆ: ಶಕ್ತಿಯ ಮೊತ್ತ ಉಳಿಯುತ್ತದೆ, ಅದನ್ನು ಕೆಲಸಕ್ಕೆ ಬಳಸುವ ಸಾಧ್ಯತೆ ಪ್ರತಿ ರೂಪಾಂತರದಲ್ಲೂ ಕುಗ್ಗುತ್ತದೆ. ನಾವು ಉಳಿಸಬೇಕೆನ್ನುವುದು ಆ ಸಾಧ್ಯತೆಯನ್ನು. ಉಷ್ಣಗತಿವಿಜ್ಞಾನದ ಎರಡನೆಯ ನಿಯಮದ ಹೆಸರನ್ನು ಒಂಬತ್ತನೇ ತರಗತಿಯಲ್ಲಿ ಹೇಳಬೇಕಾಗಿಲ್ಲ, ಆದರೆ ಈ ವಿಷಯವನ್ನು ಬಿಟ್ಟು ಸಂರಕ್ಷಣೆಯನ್ನು ಮಾತ್ರ ಕಲಿಸಿದರೆ ಪಾಠ ಅರ್ಧವಾಗುತ್ತದೆ. ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ ಎಂಬ ವ್ಯಾಖ್ಯೆಯನ್ನು ಆರಂಭಕ್ಕೆ ಇಟ್ಟುಕೊಳ್ಳಿ, ಅದರ ಮಿತಿಯೂ ಇಲ್ಲಿಯೇ ಕಾಣುತ್ತದೆ.

ಜಲಪಾತದ ಲೆಕ್ಕವನ್ನು ಇನ್ನೊಂದು ರೀತಿಯಲ್ಲೂ ಮಾಡಿಸಬಹುದು. ನಯಾಗರದ 160 ಅಡಿ ಇಳಿತದಿಂದ ನೀರಿನ ತಾಪ ಸುಮಾರು ಐದನೇ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಬೇಕೆಂದು ಜೂಲ್ 1845ರಲ್ಲಿ ಬರೆದಿದ್ದ. ಜೋಗಕ್ಕೆ ಅದೇ ಲೆಕ್ಕ ಹಾಕಿದರೆ 0.6 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ನಿಜವಾದ ಜಲಪಾತದಲ್ಲಿ ತುಂತುರು ಆವಿಯಾಗುವುದರಿಂದ ಅಳತೆ ಕಷ್ಟ. ಏಕೆ ಕಷ್ಟ ಎಂಬುದೂ ಒಳ್ಳೆಯ ಚರ್ಚೆಯೇ.

ಹತ್ತನೇ ತರಗತಿಗೆ ಬಂದಾಗ ಒಂದು ತಪ್ಪು ಕಲ್ಪನೆಯನ್ನು ವಿಶೇಷವಾಗಿ ಗಮನಿಸಿ. ಜೀವಕ್ರಿಯೆಗಳ ಪಾಠದಲ್ಲಿ, ಜೀವಕೋಶಗಳು ಶಕ್ತಿಗಾಗಿ ಬಳಸುವ ಎ.ಟಿ.ಪಿ. ಎಂಬ ಅಣುವಿನ ಕೊನೆಯ ಫಾಸ್ಫೇಟ್ ಬಂಧ ನೀರಿನ ನೆರವಿನಿಂದ ಮುರಿದಾಗ ಮೋಲ್‌ಗೆ 30.5 ಕಿಲೋಜೂಲ್ ಬಿಡುಗಡೆಯಾಗುತ್ತದೆ ಎಂದು ಮಕ್ಕಳು ಓದುತ್ತಾರೆ, ಅದರಿಂದ ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಎಂದು ತೀರ್ಮಾನಿಸುತ್ತಾರೆ. ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು, ಹೊಸ ಬಂಧಗಳು ಏರ್ಪಡುವಾಗ ಶಕ್ತಿ ಹೊರಬರುತ್ತದೆ. ಎ.ಟಿ.ಪಿ.ಯಲ್ಲಿ ನೀರಿನೊಡನೆ ಉಂಟಾಗುವ ಹೊಸ ವ್ಯವಸ್ಥೆ ಕೊಡುವುದು ಹಳೆಯದನ್ನು ಮುರಿಯಲು ಬೇಕಾದದ್ದಕ್ಕಿಂತ ಹೆಚ್ಚು, ಆ ವ್ಯತ್ಯಾಸವೇ ಈ 30.5. ಉರುವಲಿನ ವಿಷಯದಲ್ಲೂ ಹೀಗೆಯೇ: ಕಟ್ಟಿಗೆಯ ಸುತ್ತ ಎಳೆದ ಗಡಿಯೊಳಗೆ ಆಮ್ಲಜನಕವನ್ನೂ ಸೇರಿಸದಿದ್ದರೆ ಲೆಕ್ಕ ಕೂಡುವುದಿಲ್ಲ.

ಲೆಕ್ಕ ತಾಳೆಯಾಗದಿದ್ದಾಗ ಏನು ಮಾಡಬೇಕೆಂಬುದಕ್ಕೆ ಕುತೂಹಲವುಳ್ಳ ಮಕ್ಕಳಿಗೆ ಒಂದು ನಿಜಕಥೆ ಹೇಳಿ. ಕೆಲವು ಪರಮಾಣು ಬೀಜಗಳು ಎಲೆಕ್ಟ್ರಾನನ್ನು ಹೊರಹಾಕುವಾಗ ಶಕ್ತಿಯ ಒಂದು ಭಾಗ ಕಾಣೆಯಾಗುತ್ತಿತ್ತು. ಸಂರಕ್ಷಣಾ ನಿಯಮವೇ ಅಲ್ಲಿ ಅನ್ವಯಿಸದಿರಬಹುದೆಂದು ನೀಲ್ಸ್ ಬೋರ್‌ನಂಥ ವಿಜ್ಞಾನಿಯೂ ಯೋಚಿಸಿದ್ದ. 1930ರಲ್ಲಿ ಪೌಲಿ, ನಮ್ಮ ಉಪಕರಣಗಳಿಗೆ ಸಿಗದ ಕಣವೊಂದು ಆ ಶಕ್ತಿಯನ್ನು ಒಯ್ಯುತ್ತಿರಬೇಕು ಎಂದ. ಆ ಕಣ, ನ್ಯೂಟ್ರಿನೊ, ರೈನ್ಸ್ ಮತ್ತು ಕೋವನ್ ಅವರ ಪ್ರಯೋಗದಲ್ಲಿ 1956ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. 1965ರಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ ಆ ಪ್ರಯೋಗ ನಡೆಯಿತು.

ಕೊನೆಗೆ ಪರೀಕ್ಷೆ, ಏಕೆಂದರೆ ಮಕ್ಕಳು ಪಾಠವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅದು ಪ್ರಶ್ನೆಪತ್ರಿಕೆಯಲ್ಲಿ ಬಂದಾಗ. ನಿಯಮವನ್ನು ನಿರೂಪಿಸಿ ಎಂಬ ಒಂದಂಕದ ಪ್ರಶ್ನೆಯ ಜಾಗದಲ್ಲಿ ಕಿರುಪರೀಕ್ಷೆಗೆ ಇಂಥದ್ದೊಂದನ್ನು ಕೊಡಿ: ಅರ್ಧ ಕಿಲೋಗ್ರಾಂ ಚೆಂಡನ್ನು 2 ಮೀಟರ್ ಎತ್ತರದಿಂದ ಬಿಟ್ಟಾಗ ಅದು ಪುಟಿದು 1.2 ಮೀಟರ್ ಏರಿತು. ಮೊದಲಿದ್ದ ಶಕ್ತಿ ಎಷ್ಟು, ಪುಟಿದು ಮೇಲೇರಿದಾಗ ಎಷ್ಟು, ಉಳಿದದ್ದು ಎಲ್ಲಿದೆ, ಅದು ಅಲ್ಲಿದೆ ಎಂದು ನೀನು ಹೇಗೆ ತೋರಿಸುವೆ? ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ಮೊದಲ ಎರಡಕ್ಕೆ 10 ಮತ್ತು 6 ಜೂಲ್ ಎಂಬ ಉತ್ತರ ಬರುತ್ತದೆ, ಮೂರನೆಯದಕ್ಕೆ 4 ಜೂಲ್ ಚೆಂಡು, ನೆಲ, ಗಾಳಿಗಳಲ್ಲಿ ಹಂಚಿಹೋಗಿದೆ ಎಂದು ಬರೆಯಬೇಕು. ನಾಲ್ಕನೆಯ ಭಾಗಕ್ಕೆ ಒಂದೇ ಸರಿಯುತ್ತರವಿಲ್ಲ. ಚೆಂಡನ್ನು ನೂರು ಬಾರಿ ಪುಟಿಸಿ ತಾಪ ನೋಡುತ್ತೇನೆ ಎಂದವರಿಗೂ, ಒಂದು ಪುಟಿತದ ಏರಿಕೆ ನಮ್ಮ ತಾಪಮಾಪಕಕ್ಕೆ ಸಿಗದಷ್ಟು ಸಣ್ಣದು ಎಂದು ಲೆಕ್ಕ ಮಾಡಿ ತೋರಿಸಿದವರಿಗೂ ಪೂರ್ಣ ಅಂಕ ಕೊಡಿ.